ಬದನೆ ಕುಟುಂಬದ ಹೊಸ ಪ್ರಭೇದಗಳು: ಸುದ್ದಿಯ ಹಿಂದಿನ ವಿಜ್ಞಾನ ಮತ್ತು ನಮ್ಮ ಹೊಲಗಳಿಗೆ ಅದರ ಅರ್ಥ



ಕೋಲಾರದ ಟೊಮೆಟೊ, ಬ್ಯಾಡಗಿಯ ಮೆಣಸಿನಕಾಯಿ, ಹಾಸನದ ಆಲೂಗಡ್ಡೆ, ಉಡುಪಿಯ ಮಟ್ಟು ಗುಳ್ಳ, ಹುಣಸೂರು ಭಾಗದ ತಂಬಾಕು ಇವೆಲ್ಲವೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದ ಬೆಳೆಗಳು. ಸಸ್ಯಶಾಸ್ತ್ರದಲ್ಲಿ ಸೊಲನೇಸಿ ಎಂದು ಕರೆಯಲಾಗುವ ಈ ಕುಟುಂಬವನ್ನು ನಾವು ರೂಢಿಯಲ್ಲಿ ಬದನೆ ಕುಟುಂಬ ಎನ್ನುತ್ತೇವೆ. ಪ್ರಪಂಚದಾದ್ಯಂತ ಇದರಲ್ಲಿ ಸುಮಾರು 2,700 ಪ್ರಭೇದಗಳಿವೆ. ಟೊಮೆಟೊ, ಬದನೆ, ಆಲೂಗಡ್ಡೆ ಮೂರೂ ಸೇರಿರುವ ಸೊಲನಂ ಎಂಬ ಒಂದೇ ಕುಲದಲ್ಲಿ 1,200ಕ್ಕೂ ಹೆಚ್ಚು ಪ್ರಭೇದಗಳಿವೆ. ಇಷ್ಟು ಪರಿಚಿತವಾದ ಈ ಕುಟುಂಬದಲ್ಲಿ ಇಂದಿಗೂ ಹೊಸ ಪ್ರಭೇದಗಳು ಪತ್ತೆಯಾಗುತ್ತಿವೆ. ಅಂತಹ ಸುದ್ದಿಗಳು ಪತ್ರಿಕೆಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಬಂದಾಗ "ಹೊಸ ಟೊಮೆಟೊ ಬಂದಿದೆಯಂತೆ, ಬೀಜ ಎಲ್ಲಿ ಸಿಗುತ್ತದೆ?" ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ಉತ್ತರಿಸುವುದರ ಜೊತೆಗೆ, ದೂರದ ದೇಶದಲ್ಲಿ ಒಂದು ಕಳೆಗಿಡಕ್ಕೆ ಹೆಸರಿಡುವ ಕಾರ್ಯ ನಮ್ಮ ಹೊಲಕ್ಕೆ ಯಾವ ರೀತಿಯಲ್ಲಿ ಸಂಬಂಧಿಸಿದೆ ಎಂಬುದನ್ನು ವಿಶ್ಲೇಷಿಸುವುದು ಈ ಲೇಖನದ ಉದ್ದೇಶ.

ಇತ್ತೀಚಿನ ವರ್ಷಗಳ ಸುದ್ದಿಗಳು

ಕಳೆದ ಒಂದು ದಶಕದಲ್ಲಿ ಹೆಚ್ಚು ಸುದ್ದಿಯಾದ ಪ್ರಭೇದಗಳಲ್ಲಿ ಹಲವು ಆಸ್ಟ್ರೇಲಿಯಾ ಖಂಡದವು. 2016ರಲ್ಲಿ ವಿವರಿಸಲಾದ ಸೊಲನಂ ಆಸಿಕ್ರುಯೆಂಟಂ ಎಂಬ ಗಿಡದ ಕಾಯನ್ನು ಕತ್ತರಿಸಿದರೆ ಅದರ ತಿಳಿಹಸಿರು ತಿರುಳು ಕೆಲವೇ ನಿಮಿಷಗಳಲ್ಲಿ ರಕ್ತವರ್ಣಕ್ಕೆ ತಿರುಗುತ್ತದೆ. ಬಲಿತ ಕಾಯಿ ಒಣಗಿ ಮೂಳೆಯಂತೆ ಗಟ್ಟಿಯಾಗುತ್ತದೆ. ರಕ್ತ ಮತ್ತು ಮೂಳೆ ಎಂಬ ಎರಡೂ ಅರ್ಥ ಬರುವಂತೆ ಅದಕ್ಕೆ ಹೆಸರಿಡುವುದರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಏಳನೇ ತರಗತಿಯ ಮಕ್ಕಳು ನೆರವಾದರು. ಅದೇ ವರ್ಷ ವಿವರಿಸಲಾದ ಸೊಲನಂ ವಾಟ್ನಿಯೈ ಪ್ರಭೇದಕ್ಕೆ, ಮಂಗಳ ಗ್ರಹದ ಮೇಲೆ ಆಲೂಗಡ್ಡೆ ಬೆಳೆದು ಬದುಕುಳಿಯುವ ಕಾದಂಬರಿಯೊಂದರ ನಾಯಕನ ಹೆಸರನ್ನು ಇಡಲಾಯಿತು. 2019ರಲ್ಲಿ ಪ್ರಕಟವಾದ ಸೊಲನಂ ಪ್ಲಾಸ್ಟಿಸೆಕ್ಸಂ 1970ರ ದಶಕದಿಂದಲೂ ಸಸ್ಯವಿಜ್ಞಾನಿಗಳನ್ನು ಗೊಂದಲಕ್ಕೀಡುಮಾಡಿದ್ದ ಗಿಡ. ಅದರ ಹೂಗಳು ಕೆಲವೊಮ್ಮೆ ದ್ವಿಲಿಂಗಿಯಾಗಿಯೂ ಕೆಲವೊಮ್ಮೆ ಏಕಲಿಂಗಿಯಾಗಿಯೂ ಕಂಡುಬರುತ್ತಿದ್ದುದೇ ಆ ಗೊಂದಲಕ್ಕೆ ಕಾರಣವಾಗಿತ್ತು.

2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಿಂದ ನಿಕೋಟಿಯಾನ ಇನ್ಸೆಕ್ಟಿಸಿಡ ಎಂಬ ಕಾಡು ತಂಬಾಕಿನ ಪ್ರಭೇದ ವಿವರಿಸಲ್ಪಟ್ಟಿತು. ಹೆದ್ದಾರಿ ಬದಿಯ ಲಾರಿ ನಿಲ್ದಾಣವೊಂದರಲ್ಲಿ ಸಂಗ್ರಹಿಸಿದ ಬೀಜವನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಬೆಳೆಸಿದಾಗ, ಅದರ ಅಂಟು ಕೂದಲುಗಳಿಗೆ ಸಸ್ಯಹೇನು ಮತ್ತು ಸಣ್ಣ ನೊಣಗಳು ಸಿಕ್ಕಿ ಸಾಯುತ್ತಿದ್ದುದು ಕಂಡುಬಂದಿತು. 2022ರಲ್ಲಿ ಪ್ರಕಟವಾದ ಮೆಣಸಿನಕಾಯಿ ಕುಲದ ಸಮಗ್ರ ಅಧ್ಯಯನವು ಒಟ್ಟು 43 ಪ್ರಭೇದಗಳನ್ನು ಗುರುತಿಸಿದೆ. ಇವುಗಳಲ್ಲಿ ಮಾನವ ಪಳಗಿಸಿ ಕೃಷಿಗೆ ತಂದವು ಕೇವಲ 5. ಉಳಿದವು ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಾಡು, ಬೆಟ್ಟಗಳಲ್ಲಿ ಬೆಳೆಯುವ ಕಾಡು ಮೆಣಸಿನ ಗಿಡಗಳು.

ಹೊಸ ತಳಿ ಬೇರೆ, ಹೊಸ ಪ್ರಭೇದ ಬೇರೆ

ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟವಾಗಿ ಗ್ರಹಿಸುವುದು ಅವಶ್ಯ. ಹೊಸ ತಳಿ ಎಂದರೆ ಈಗಾಗಲೇ ಕೃಷಿಯಲ್ಲಿರುವ ಪ್ರಭೇದದೊಳಗೆ ಆಯ್ಕೆ ಅಥವಾ ಸಂಕರಣದ ಮೂಲಕ ಅಭಿವೃದ್ಧಿಪಡಿಸಿ, ಹಲವು ಪ್ರದೇಶಗಳಲ್ಲಿ ಪರೀಕ್ಷಿಸಿ, ಬಿಡುಗಡೆ ಮಾಡಿದ ಗಿಡ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಇಂತಹದ್ದು. ಅದು ಎಲೆ ಮುದುಡು ನಂಜುರೋಗ, ದುಂಡಾಣು ಸೊರಗು ರೋಗ ಮತ್ತು ಎಲೆಚುಕ್ಕೆಯ ಅಂಗಮಾರಿ ಎಂಬ ಮೂರೂ ರೋಗಗಳನ್ನು ಸಹಿಸುವ ಸಂಕರಣ ತಳಿ.

ಹೊಸ ಪ್ರಭೇದವಾದರೋ ಯಾರೂ ಸೃಷ್ಟಿಸಿದ್ದಲ್ಲ. ಅದು ಸಾವಿರಾರು ವರ್ಷಗಳಿಂದ ನಿಸರ್ಗದಲ್ಲಿ ಇದ್ದದ್ದೇ. ಸ್ಥಳೀಯ ಜನರು ಅದನ್ನು ಬಲ್ಲವರಾಗಿರುವುದೂ, ಬಳಸುತ್ತಿರುವುದೂ ಉಂಟು. ವಿಜ್ಞಾನವು ಅದನ್ನು ಇತರ ಪ್ರಭೇದಗಳಿಂದ ಬೇರ್ಪಡಿಸಿ, ವಿವರಿಸಿ, ಹೆಸರಿಟ್ಟದ್ದು ಮಾತ್ರ ಹೊಸದು. ಆದುದರಿಂದ ಹೊಸ ಪ್ರಭೇದದ ಸುದ್ದಿಯನ್ನು ಓದಿದ ಕೂಡಲೇ ಬಿತ್ತನೆ ಬೀಜ ಕೇಳುವುದು ಅರ್ಥವಿಲ್ಲದ್ದು. ಹಾಗೆಂದು ಅಂತಹ ಸುದ್ದಿಯನ್ನು ನಮಗೆ ಸಂಬಂಧವಿಲ್ಲದ್ದೆಂದು ತಳ್ಳಿಹಾಕುವುದೂ ಸರಿಯಲ್ಲ. ಇಂದು ನಾವು ಬೆಳೆಯುತ್ತಿರುವ ತಳಿಗಳ ರೋಗ ನಿರೋಧಕ ಶಕ್ತಿಯ ಬಹುಪಾಲು ಬಂದಿರುವುದು ಇಂತಹ ಕಾಡು ಸಂಬಂಧಿಗಳಿಂದಲೇ.

ಒಂದು ಗಿಡ ಹೊಸದೆಂದು ನಿರ್ಧಾರವಾಗುವ ಬಗೆ

ಗಿಡವೊಂದು ವಿಚಿತ್ರವಾಗಿ ಕಂಡ ಮಾತ್ರಕ್ಕೆ ಅದು ಹೊಸ ಪ್ರಭೇದವಾಗುವುದಿಲ್ಲ. ಮೊದಲಿಗೆ ಹೂ, ಕಾಯಿ, ಎಲೆಗಳಿರುವ ಗಿಡದ ಭಾಗಗಳನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಸಂಗ್ರಹಿಸಿದ ಸ್ಥಳ, ದಿನಾಂಕ, ಸಂಗ್ರಾಹಕರ ಹೆಸರು ಮತ್ತು ಸಂಖ್ಯೆಯನ್ನು ಬರೆದು ಹರ್ಬೇರಿಯಂ ಎನ್ನುವ ಒಣ ಸಸ್ಯ ಸಂಗ್ರಹಾಲಯದಲ್ಲಿ ಇಡಲಾಗುತ್ತದೆ. ಬಳಿಕ ಅದೇ ಗುಂಪಿನ ಈಗಾಗಲೇ ತಿಳಿದಿರುವ ಎಲ್ಲ ಪ್ರಭೇದಗಳ ಮಾದರಿಗಳೊಡನೆ ಅದನ್ನು ಹೋಲಿಸಬೇಕು. ಸೊಲನಂ ಕುಲದಲ್ಲಿ ಕೂದಲಿನ ಆಕಾರ, ಮುಳ್ಳು ನೆಟ್ಟಗಿದೆಯೇ ಬಾಗಿದೆಯೇ, ಹೂಗೊಂಚಲಿನ ಕವಲು, ಕಾಯಿಯನ್ನು ಪುಷ್ಪಪಾತ್ರೆ ಎಷ್ಟು ಮುಚ್ಚಿದೆ, ಬೀಜದ ಗಾತ್ರ ಇವೆಲ್ಲ ಮುಖ್ಯ ಲಕ್ಷಣಗಳು. ಇತ್ತೀಚೆಗೆ ವಂಶವಾಹಿ ವಿಶ್ಲೇಷಣೆಯೂ ಇದಕ್ಕೆ ಪೂರಕವಾಗಿ ನೆರವಾಗುತ್ತಿದೆ.

ಗಿಡವು ಬೇರೆಯೇ ಎಂಬುದು ಖಚಿತವಾದ ಮೇಲೆ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯ ನಿಯಮಗಳಂತೆ ಹೆಸರನ್ನು ಪ್ರಕಟಿಸಬೇಕು. 1958ರಿಂದೀಚೆಗೆ ಪ್ರತಿಯೊಂದು ಹೊಸ ಪ್ರಭೇದಕ್ಕೂ ಒಂದು ಮೂಲ ಮಾದರಿಯನ್ನು ನಿಗದಿಪಡಿಸುವುದು ಕಡ್ಡಾಯ. 1990ರಿಂದ ಆ ಮಾದರಿ ಯಾವ ಸಂಗ್ರಹಾಲಯದಲ್ಲಿದೆ ಎಂಬುದನ್ನೂ ತಿಳಿಸಬೇಕು. 2012ರವರೆಗೆ ಲ್ಯಾಟಿನ್ ಭಾಷೆಯ ವಿವರಣೆ ಕಡ್ಡಾಯವಾಗಿತ್ತು. ಆ ವರ್ಷದ ಜನವರಿ 1ರಿಂದ ಇಂಗ್ಲಿಷ್ ವಿವರಣೆಗೂ, ಅಂತರಜಾಲದಲ್ಲಿ ಮಾತ್ರ ಪ್ರಕಟವಾಗುವ ನಿಯತಕಾಲಿಕೆಗಳಿಗೂ ಮಾನ್ಯತೆ ದೊರೆತಿದೆ.

ಈ ಮೂಲ ಮಾದರಿಯ ಮಹತ್ವವನ್ನು ಕೃಷಿಕರು ಸುಲಭವಾಗಿ ಗ್ರಹಿಸಬಲ್ಲರು. ಜಮೀನಿನ ಗಡಿ ವ್ಯಾಜ್ಯದಲ್ಲಿ ಸರ್ವೆ ಕಲ್ಲು ಹೇಗೋ, ಹೆಸರಿನ ವ್ಯಾಜ್ಯದಲ್ಲಿ ಈ ಒಣ ಹಾಳೆ ಹಾಗೆ. ನೂರು ವರ್ಷಗಳ ಬಳಿಕ ಯಾರಾದರೂ ಆ ಹೆಸರನ್ನು ಪ್ರಶ್ನಿಸಿದರೂ ಅದೇ ಮಾದರಿಯನ್ನು ತೆರೆದು ನೋಡಿ ನಿರ್ಧರಿಸಲಾಗುತ್ತದೆ.

832ನೇ ಸಂಖ್ಯೆಯ ಟೊಮೆಟೊ

ಕಳೆಗಿಡಕ್ಕೆ ಹೆಸರಿಡುವ ಕೆಲಸದಿಂದ ಬೆಳೆಗಾರರಿಗೆ ಏನು ಲಾಭ ಎಂಬ ಪ್ರಶ್ನೆಗೆ ಟೊಮೆಟೊ ಇತಿಹಾಸದಲ್ಲಿಯೇ ಉತ್ತಮ ಉದಾಹರಣೆಯೊಂದಿದೆ. 1962ರ ಡಿಸೆಂಬರ್‌ನಲ್ಲಿ ಅಮೆರಿಕದ ಸಸ್ಯವಿಜ್ಞಾನಿಗಳಾದ ಹ್ಯೂ ಇಲ್ಟಿಸ್ ಮತ್ತು ಡಾನ್ ಉಜೆಂಟ್ ಅವರು ಪೆರು ದೇಶದ ಆಂಡೀಸ್ ಪರ್ವತ ಪ್ರದೇಶದಲ್ಲಿ ಸಂಚರಿಸುತ್ತಿದ್ದರು. ಅವರು ಮುಖ್ಯವಾಗಿ ಹುಡುಕುತ್ತಿದ್ದುದು ಆಲೂಗಡ್ಡೆಯ ಕಾಡು ಸಂಬಂಧಿಗಳನ್ನು. ಕುರಾವಾಸಿ ಎಂಬ ಊರಿನ ಬಳಿ ಕಳೆಯಂತೆ ಬೆಳೆದಿದ್ದ, ಹಸಿರು ಬಣ್ಣದ ಸಣ್ಣ ಕಾಯಿಗಳ ಟೊಮೆಟೊ ಗಿಡವೊಂದು ಅವರ ಕಣ್ಣಿಗೆ ಬಿತ್ತು. ಅದಕ್ಕೆ 832 ಎಂಬ ಸಂಗ್ರಹ ಸಂಖ್ಯೆ ನೀಡಿ, ಮಾದರಿಗಳನ್ನು ಒಣಗಿಸಿ, ಬೀಜವನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿದ್ದ ಟೊಮೆಟೊ ತಳಿವಿಜ್ಞಾನಿ ಚಾರ್ಲ್ಸ್ ರಿಕ್ ಅವರಿಗೆ ಕಳುಹಿಸಿದರು.

ತಿನ್ನಲು ಯೋಗ್ಯವಲ್ಲದ ಆ ಹಸಿರು ಕಾಯಿಯಲ್ಲಿ ಸಕ್ಕರೆ ಮತ್ತಿತರ ಕರಗುವ ಘನಾಂಶ ಅಸಾಧಾರಣ ಪ್ರಮಾಣದಲ್ಲಿದ್ದುದನ್ನು ರಿಕ್ ಗುರುತಿಸಿದರು. ಹಲವು ಪೀಳಿಗೆಗಳ ಕಾಲ ಸಂಕರಣ ಮತ್ತು ಹಿನ್‌ಸಂಕರಣ ನಡೆಸಿ, ಸಾಮಾನ್ಯ ಟೊಮೆಟೊದಲ್ಲಿ ಶೇಕಡ 5ರ ಆಸುಪಾಸಿನಲ್ಲಿದ್ದ ಘನಾಂಶವನ್ನು ಶೇಕಡ 7ರ ಮೇಲಕ್ಕೆ ಏರಿಸಿದ ದಪ್ಪ ಹಣ್ಣಿನ ಸಾಲುಗಳನ್ನು 1974ರಲ್ಲಿ ವರದಿ ಮಾಡಿದರು. ಸಾಸ್, ಪೇಸ್ಟ್ ತಯಾರಿಸುವ ಉದ್ಯಮಕ್ಕೆ ಇದರ ಬೆಲೆ ಅಪಾರ. ಘನಾಂಶ ಹೆಚ್ಚಿದಷ್ಟೂ ನೀರನ್ನು ಆವಿಯಾಗಿಸಲು ತಗಲುವ ಇಂಧನ ಉಳಿಯುತ್ತದೆ.

1976ರಲ್ಲಿ ರಿಕ್ ಮತ್ತು ಸಂಗಡಿಗರು ಈ ಗುಂಪನ್ನು ಅಧ್ಯಯನ ಮಾಡಿ, ಒಂದೇ ಎಂದು ಕಾಣುತ್ತಿದ್ದ ಗಿಡಗಳು ವಾಸ್ತವದಲ್ಲಿ ಎರಡು ಪ್ರಭೇದಗಳೆಂದು ತೋರಿಸಿದರು. ದೊಡ್ಡ ಹೂವಿನದಕ್ಕೆ ಪೋಲೆಂಡಿನ ಟೊಮೆಟೊ ತಳಿವಿಜ್ಞಾನಿ ಚ್ಮಿಯೆಲೆವ್ಸ್ಕಿ ಅವರ ಹೆಸರನ್ನಿಟ್ಟರು. ಸಣ್ಣ ಹೂವಿನ, ಸ್ವಪರಾಗಸ್ಪರ್ಶ ಹೊಂದುವ ಇನ್ನೊಂದು ಪ್ರಭೇದವನ್ನು ಇಂದು ರಿಕ್ ಅವರ ಗೌರವಾರ್ಥ ಸೊಲನಂ ನಿಯೋರಿಕಿಯೈ ಎಂದು ಕರೆಯಲಾಗುತ್ತದೆ. ಬೀಜದ ಬಳಕೆ ಹೆಸರಿಗಿಂತ ಮೊದಲೇ ಆರಂಭವಾಗಿತ್ತು ಎಂಬುದು ನಿಜ. ಆದರೆ ಸಂಖ್ಯೆ ಬರೆದ ಮಾದರಿಯೂ ಬೀಜವೂ ಒಟ್ಟಿಗೆ ಉಳಿದಿರದಿದ್ದರೆ, ಆ ಗುಣ ಯಾವ ಗಿಡದಿಂದ ಬಂತು, ಅದು ಮತ್ತೆಲ್ಲಿ ದೊರೆಯುತ್ತದೆ ಎಂಬುದನ್ನು ಯಾರೂ ಹೇಳಲಾಗುತ್ತಿರಲಿಲ್ಲ.

ಒಂದೇ ಹೆಸರಿನಡಿ ಹಲವು ಗಿಡಗಳು

ಇದೇ ಬಗೆಯ ವಿಭಜನೆ ಮುಂದೆಯೂ ನಡೆದಿದೆ. ಸೊಲನಂ ಪೆರುವಿಯಾನಂ ಎಂಬ ಹೆಸರಿನಡಿ ಬಹುಕಾಲ ಒಟ್ಟುಗೂಡಿಸಿದ್ದ ಕಾಡು ಟೊಮೆಟೊಗಳನ್ನು ಈಗ ನಾಲ್ಕು ಪ್ರಭೇದಗಳಾಗಿ ಗುರುತಿಸಲಾಗಿದೆ. ಅವುಗಳಲ್ಲಿ ಸೊಲನಂ ಅರ್ಕಾನಂ ಮತ್ತು ಸೊಲನಂ ವಾಯ್ಲಾಸೆನ್ಸೆ ಎಂಬೆರಡು 2005ರಲ್ಲಿ ಹೊಸದಾಗಿ ವಿವರಿಸಲ್ಪಟ್ಟವು. ಗಲಪಗೋಸ್ ದ್ವೀಪಗಳ ಟೊಮೆಟೊಗಳನ್ನು ಚಾರ್ಲ್ಸ್ ಡಾರ್ವಿನ್ನರ ವಂಶಜೆ ಸಾರಾ ಡಾರ್ವಿನ್ ಮತ್ತು ಸಂಗಡಿಗರು ಪರಿಶೀಲಿಸಿ, 2003ರಲ್ಲಿ ಸೊಲನಂ ಗಲಪಗೆನ್ಸೆ ಎಂಬ ಪ್ರಭೇದವನ್ನು ಪ್ರತ್ಯೇಕವಾಗಿ ವಿವರಿಸಿದರು.

ಈ ಕೊನೆಯ ಗಿಡ ನಮ್ಮ ಟೊಮೆಟೊ ಬೆಳೆಗಾರರ ಗಮನಕ್ಕೆ ಅರ್ಹವಾದುದು. ಅದರ ಎಲೆಗಳ ಮೇಲಿನ ದಟ್ಟವಾದ ಗ್ರಂಥಿ ಕೂದಲುಗಳು ಅಂಟು ದ್ರವವನ್ನು ಸ್ರವಿಸಿ ಬಿಳಿ ನೊಣವನ್ನು ತಡೆಯುತ್ತವೆ. ಬಿಳಿ ನೊಣವೇ ಎಲೆ ಮುದುಡು ನಂಜುರೋಗದ ವಾಹಕ. ಈ ರೋಗದ ನಂಜಾಣುಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರೇ ಇದೆ ಎಂಬುದು ನಮ್ಮಲ್ಲಿ ಈ ಸಮಸ್ಯೆ ಎಷ್ಟು ಹಳೆಯದು ಎಂಬುದನ್ನು ಸೂಚಿಸುತ್ತದೆ. ಕೇವಲ ನಂಜಾಣುವಿಗೆ ನಿರೋಧಕತೆ ಇರುವ ತಳಿಗಿಂತ, ನೊಣವೇ ಕೂರಲು ಹಿಂಜರಿಯುವ ತಳಿ ದೀರ್ಘಕಾಲ ಬಾಳಬಹುದೆಂಬ ನಿರೀಕ್ಷೆಯಿಂದ ತಳಿವಿಜ್ಞಾನಿಗಳು ಈ ಪ್ರಭೇದದ ಮೇಲೆ ಕೆಲಸ ಮಾಡುತ್ತಿದ್ದಾರೆ.

ಈಗಾಗಲೇ ಹೊಲಕ್ಕೆ ಇಳಿದಿರುವ ಗುಣಗಳನ್ನೂ ಗಮನಿಸಿ. ಎಲೆ ಮುದುಡು ರೋಗ ನಿರೋಧಕತೆಯ ಟಿವೈ-1 ಮತ್ತು ಟಿವೈ-3 ಎಂಬ ವಂಶವಾಹಿಗಳು ಸೊಲನಂ ಚಿಲೆನ್ಸೆಯಿಂದಲೂ, ಟಿವೈ-2 ಸೊಲನಂ ಹ್ಯಾಬ್ರೊಕೈಟಿಸ್‌ನಿಂದಲೂ ಬಂದವು. ಟಿವೈ-2ರ ಮುಖ್ಯ ಆಕರವಾದ ಎಚ್-24 ಎಂಬ ಸಾಲನ್ನು ಅಭಿವೃದ್ಧಿಪಡಿಸಿದ್ದು ಭಾರತದಲ್ಲಿಯೇ. ಬೇರುಗಂಟು ಜಂತುಹುಳುವನ್ನು ತಡೆಯುವ ಎಂಐ ವಂಶವಾಹಿ 1940ರ ದಶಕದಲ್ಲಿ ಪೆರುವಿಯಾನಂ ಗುಂಪಿನಿಂದ ಟೊಮೆಟೊಗೆ ಸೇರಿದ್ದು. ಮಣ್ಣಿನ ತಾಪಮಾನ 28 ಡಿಗ್ರಿ ಸೆಲ್ಸಿಯಸ್ ಮೀರಿದರೆ ಈ ವಂಶವಾಹಿಯ ಪರಿಣಾಮ ಕುಗ್ಗುತ್ತದೆ. ಜಂತುಹುಳು ನಿರೋಧಕವೆಂದು ಖರೀದಿಸಿದ ತಳಿಯಲ್ಲಿಯೂ ಬೇಸಿಗೆಯಲ್ಲಿ ಬೇರುಗಂಟು ಕಾಣಿಸಿಕೊಳ್ಳಲು ಇದು ಒಂದು ಕಾರಣ. ಶಾಖದಲ್ಲೂ ಕೆಲಸ ಮಾಡುವ ನಿರೋಧಕತೆಯನ್ನು ಅರ್ಕಾನಂ ಮೊದಲಾದ ಸೋದರ ಪ್ರಭೇದಗಳಲ್ಲಿ ಹುಡುಕಬೇಕಾದರೆ, ಯಾವ ಬೀಜ ಯಾವ ಪ್ರಭೇದದ್ದು ಎಂಬ ಸ್ಪಷ್ಟತೆ ಇರಲೇಬೇಕು.

2025ರ ಜುಲೈ ಅಂತ್ಯದಲ್ಲಿ ಸೆಲ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಮತ್ತೊಂದು ನಿದರ್ಶನ. ಟೊಮೆಟೊದ ಪೂರ್ವಜರೂ, ಗಡ್ಡೆ ಬಿಡದ ಎಟ್ಯುಬರೋಸಂ ಎಂಬ ಗುಂಪಿನ ಗಿಡಗಳೂ ಸುಮಾರು 90 ಲಕ್ಷ ವರ್ಷಗಳ ಹಿಂದೆ ಸಂಕರಗೊಂಡು ಆಲೂಗಡ್ಡೆಯ ವಂಶ ಹುಟ್ಟಿತು ಎಂದು ಅದು ತೋರಿಸಿತು. ಗಡ್ಡೆ ಕಟ್ಟುವ ಗುಣಕ್ಕೆ ಅಗತ್ಯವಾದ ವಂಶವಾಹಿಗಳು ಎರಡೂ ಕಡೆಯಿಂದ ಬಂದಿವೆ. ಸಸ್ಯವರ್ಗೀಕರಣ ವಿಜ್ಞಾನಿಗಳು ದಶಕಗಳ ಕಾಲ ಕಾಡು ಆಲೂಗಡ್ಡೆಗಳನ್ನು ಸಂಗ್ರಹಿಸಿ, ಬೇರ್ಪಡಿಸಿ, ಹೆಸರಿಸಿ ಇಟ್ಟಿರದಿದ್ದರೆ ಇಂತಹ ಅಧ್ಯಯನಕ್ಕೆ ಆಧಾರವೇ ಇರುತ್ತಿರಲಿಲ್ಲ.

ನಮ್ಮ ಬದುವಿನ ಗಣಿಕೆ, ಮುಳ್ಳುಬದನೆ, ಸುಂಡೆ

ದೂರದ ಪೆರು, ಆಸ್ಟ್ರೇಲಿಯಾಗಳ ಮಾತು ಹಾಗಿರಲಿ. ನಮ್ಮ ಬದುಗಳ ಮೇಲೆಯೇ ಬದನೆ ಕುಟುಂಬದ ಅನೇಕ ಗಿಡಗಳಿವೆ. ನಾವು ಗಣಿಕೆ ಸೊಪ್ಪು ಅಥವಾ ಕಾಗೆಸೊಪ್ಪು ಎಂದು ಕರೆಯುವುದು ಒಂದೇ ಗಿಡವಲ್ಲ. ಹಣ್ಣು ಕಿತ್ತಳೆ ಅಥವಾ ಕೆಂಪಾಗುವುದು ಸೊಲನಂ ವಿಲ್ಲೋಸಂ. ಸಣ್ಣ, ಹೊಳೆಯುವ ಕಪ್ಪು ಹಣ್ಣಿನದು ಸೊಲನಂ ಅಮೆರಿಕಾನಂ. ಇವೆರಡರ ಜೊತೆಗೆ ಸೊಲನಂ ನೈಗ್ರಂ ಎಂಬುದೂ ಇದೆ. ಇವುಗಳ ವರ್ಣತಂತುಗಳ ಸಂಖ್ಯೆಯೇ ಬೇರೆ ಬೇರೆ: ಅಮೆರಿಕಾನಂನಲ್ಲಿ 24, ವಿಲ್ಲೋಸಂನಲ್ಲಿ 48, ನೈಗ್ರಂನಲ್ಲಿ 72.

ಈ ವ್ಯತ್ಯಾಸ ಪಂಡಿತರ ಚರ್ಚೆಗಷ್ಟೇ ಸೀಮಿತವಾದುದಲ್ಲ. ಆಲೂಗಡ್ಡೆಯ ಅಂಗಮಾರಿ ರೋಗವನ್ನು ತಡೆಯುವ ಎರಡು ಪ್ರಬಲ ವಂಶವಾಹಿಗಳನ್ನು ಇಂಗ್ಲೆಂಡಿನ ನಾರ್ವಿಚ್‌ನ ವಿಜ್ಞಾನಿಗಳು 2016 ಮತ್ತು 2021ರಲ್ಲಿ ಪ್ರಕಟಿಸಿದರು. ಅವೆರಡೂ ದೊರೆತದ್ದು ಸೊಲನಂ ಅಮೆರಿಕಾನಂನಿಂದ, ಅಂದರೆ ನಾವು ಕಳೆಯೆಂದು ಕಿತ್ತೆಸೆಯುವ ಗಣಿಕೆಯ ಬಗೆಯೊಂದರಿಂದ. ಅದೇ ಪ್ರಭೇದದ ಎಲ್ಲ ಗಿಡಗಳಲ್ಲಿಯೂ ಈ ವಂಶವಾಹಿಗಳು ಇರುವುದಿಲ್ಲ, ಮತ್ತು ಅವುಗಳನ್ನು ಆಲೂಗಡ್ಡೆಗೆ ಸೇರಿಸಿದ್ದು ವಂಶವಾಹಿ ತಂತ್ರಜ್ಞಾನದಿಂದ. ಆದರೂ ಮುಂಗಾರಿನ ಮೋಡ ಕವಿದ ವಾರಗಳಲ್ಲಿ ಅಂಗಮಾರಿಯಿಂದ ನಷ್ಟ ಅನುಭವಿಸಿರುವ ಹಾಸನದ ಬೆಳೆಗಾರರಿಗೆ, ಪರಿಹಾರದ ಒಂದು ಎಳೆ ತಮ್ಮದೇ ಬದುವಿನಲ್ಲಿರುವ ಗಿಡದ ಜಾತಿಯಿಂದ ಬಂದಿದೆ ಎಂಬುದು ತಿಳಿದಿರಬೇಕು.

ಬದನೆಯ ವಿಷಯದಲ್ಲಿಯೂ ಹೀಗೆಯೇ. ನಮ್ಮಲ್ಲಿ ಕಾಡುಬದನೆ, ಮುಳ್ಳುಬದನೆ ಎಂದು ಕರೆಯುವ ಸೊಲನಂ ಇನ್ಸಾನಂ ಬದನೆಯ ಮೂಲ ಪೂರ್ವಜ. ಆಫ್ರಿಕಾದಿಂದ ಪಶ್ಚಿಮ ಏಷ್ಯಾದವರೆಗೆ ಹರಡಿರುವ ಸೊಲನಂ ಇಂಕಾನಂ ಎಂಬ ಬೇರೊಂದು ಪ್ರಭೇದದ ಹೆಸರಿನಲ್ಲಿ ಇದನ್ನು ಅನೇಕ ದಶಕಗಳ ಕಾಲ ಬರೆಯಲಾಗುತ್ತಿತ್ತು. 2013ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಈ ಗೊಂದಲವನ್ನು ಬಿಡಿಸಿತು. ಇನ್ಸಾನಂ ಬದನೆಯೊಂದಿಗೆ ಸುಲಭವಾಗಿ ಸಂಕರಗೊಳ್ಳುತ್ತದೆ. ನೀವು ಬೀಜಕ್ಕಾಗಿ ಬದನೆ ಬೆಳೆಯುತ್ತಿದ್ದರೆ ಪಕ್ಕದ ಬದುವಿನ ಮುಳ್ಳುಬದನೆಯಿಂದ ಪರಾಗ ಬಂದು ತಳಿಯ ಶುದ್ಧತೆ ಕೆಡಬಹುದು ಎಂಬುದನ್ನು ಗಮನದಲ್ಲಿಡಿ.

ಸುಂಡೆಕಾಯಿ ಗಿಡವನ್ನು ಬೇರುಸಸಿಯಾಗಿ ಬಳಸಿ ಬದನೆ ಕಸಿ ಮಾಡುವ ಪದ್ಧತಿ ಸೊರಗು ರೋಗವಿರುವ ಪ್ರದೇಶಗಳಲ್ಲಿ ಹರಡುತ್ತಿದೆ. ಇದರ ವೈಜ್ಞಾನಿಕ ಹೆಸರು ಸೊಲನಂ ಟಾರ್ವಂ, ಮೂಲ ಉಷ್ಣವಲಯದ ಅಮೆರಿಕ. ಸುಂಡೆಯನ್ನೇ ಹೋಲುವ ಬೇರೆ ಮುಳ್ಳುಗಿಡಗಳ ಬೀಜವನ್ನು ಕಾಡುಬದನೆ ಎಂಬ ಸಾಮಾನ್ಯ ಹೆಸರಿನಲ್ಲಿ ಕೊಂಡು ಕಸಿ ಮಾಡಿದರೆ ಅದೇ ನಿರೋಧಕತೆಯನ್ನು ನಿರೀಕ್ಷಿಸುವಂತಿಲ್ಲ. ಇಲ್ಲಿ ತಪ್ಪು ಹೆಸರಿನ ನಷ್ಟ ನೇರವಾಗಿ ಬೆಳೆಗಾರನ ಜೇಬಿಗೇ ತಗಲುತ್ತದೆ.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಸೊರಗು ರೋಗದ ದುಂಡಾಣು ಮತ್ತು ಹಲವು ನಂಜಾಣುಗಳು ಬೆಳೆ ಇಲ್ಲದ ಕಾಲದಲ್ಲಿ ಇದೇ ಕುಟುಂಬದ ಕಳೆಗಳಲ್ಲಿ ಆಶ್ರಯ ಪಡೆಯುತ್ತವೆ. ಟೊಮೆಟೊ ಸಾಲುಗಳ ನಡುವಿನ ಗಣಿಕೆಯನ್ನು ತೆಗೆಯಲೇಬೇಕು. ಬೆಳೆಯಿಂದ ದೂರದ ಬೇಲಿ, ಹಳ್ಳದ ದಂಡೆ, ಗೋಮಾಳಗಳಲ್ಲಿರುವುದನ್ನೂ ಕಳೆನಾಶಕ ಸಿಂಪಡಿಸಿ ನಿರ್ಮೂಲ ಮಾಡುವ ಅಗತ್ಯವಿಲ್ಲ.

ವಿಳಂಬದ ಬೆಲೆ

ಹೊಸ ಪ್ರಭೇದವೊಂದು ಸಂಗ್ರಹವಾದ ದಿನದಿಂದ ಅದಕ್ಕೆ ಹೆಸರು ಸಿಗುವ ದಿನದವರೆಗೆ ಎಷ್ಟು ಕಾಲ ಹಿಡಿಯುತ್ತದೆ? 2010ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹೊಸ ಸಸ್ಯ ಪ್ರಭೇದಗಳಲ್ಲಿ ಸಂಗ್ರಹವಾದ 5 ವರ್ಷಗಳೊಳಗೆ ವಿವರಿಸಲ್ಪಟ್ಟವು ಕೇವಲ ಶೇಕಡ 16. ಸುಮಾರು ಕಾಲು ಭಾಗದಷ್ಟು ಪ್ರಭೇದಗಳ ಮಾದರಿಗಳು ಸಂಗ್ರಹಾಲಯದ ಕಪಾಟಿನಲ್ಲಿ 50 ವರ್ಷಗಳಿಗೂ ಹೆಚ್ಚು ಕಾಲ ಹೆಸರಿಲ್ಲದೆ ಕಾದಿದ್ದವು. ಇನ್ನೂ ವಿವರಿಸಬೇಕಾದ ಸಸ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗಾಗಲೇ ಸಂಗ್ರಹಾಲಯಗಳಲ್ಲಿಯೇ ಇರಬಹುದು ಎಂಬುದು ಆ ಅಧ್ಯಯನದ ಅಂದಾಜು.

ಈ ಕಾಯುವಿಕೆಯ ಅವಧಿಯಲ್ಲಿ ಕಾಡು ಕಾಯುವುದಿಲ್ಲ. ಇನ್ನೂ ಹೆಸರು ಪಡೆಯದ ಸಸ್ಯ ಪ್ರಭೇದಗಳಲ್ಲಿ ನಾಲ್ಕರಲ್ಲಿ ಮೂರು ಅಳಿವಿನ ಅಪಾಯದಲ್ಲಿರಬಹುದೆಂದು ಕ್ಯೂ ಸಸ್ಯೋದ್ಯಾನವು 2023ರ ತನ್ನ ವರದಿಯಲ್ಲಿ ಎಚ್ಚರಿಸಿದೆ. ಹೆಸರಿಲ್ಲದ ಗಿಡವನ್ನು ಅಪಾಯದ ಪಟ್ಟಿಗೆ ಸೇರಿಸಲಾಗದು. ಬೀಜ ಬ್ಯಾಂಕಿನಲ್ಲಿ ಸರಿಯಾದ ಹೆಸರಿನಡಿ ಇಡಲಾಗದು. ತಳಿವಿಜ್ಞಾನಿ ಅದನ್ನು ಕೇಳಿ ಪಡೆಯುವುದೂ ಸಾಧ್ಯವಿಲ್ಲ. ಅಂತಹ ಗಿಡ ಅಳಿದುಹೋದರೆ ಅದರೊಂದಿಗೆ ಯಾವ ಗುಣ ಹೋಯಿತು ಎಂಬುದು ಕೂಡ ಯಾರಿಗೂ ತಿಳಿಯುವುದಿಲ್ಲ. ಸಸ್ಯವರ್ಗೀಕರಣವನ್ನು ಹಳೆಯ ಕಾಲದ ವಿದ್ಯೆಯೆಂದು ಕಡೆಗಣಿಸುವ ಪ್ರವೃತ್ತಿ ಕೃಷಿ ವಿಜ್ಞಾನದ ವಲಯದಲ್ಲಿಯೂ ಇದೆ. ಈ ಪ್ರವೃತ್ತಿಯ ಬೆಲೆಯನ್ನು ತೆರಬೇಕಾದವರು ಮುಂದಿನ ಪೀಳಿಗೆಯ ಬೆಳೆಗಾರರು.

ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಉತ್ತಮ ಪರಂಪರೆಯಿದೆ. 1976ರಲ್ಲಿ ಸಲ್ಡಾನ ಮತ್ತು ನಿಕೋಲ್ಸನ್ ಅವರ ಸಂಪಾದಕತ್ವದಲ್ಲಿ ಹೊರಬಂದ ಹಾಸನ ಜಿಲ್ಲೆಯ ಸಸ್ಯ ಸಂಪತ್ತಿನ ಗ್ರಂಥ ಇಂದಿಗೂ ಮಾದರಿಯಾಗಿದೆ. ಅದು ಮಾದರಿಗಳ ಸಂಗ್ರಹದ ಮೇಲೆ ನಿಂತ ಕೃತಿ. ಅಂತಹ ಸಂಗ್ರಹಗಳನ್ನು ಮುಂದುವರಿಸಲು ಹಳ್ಳಿಗಳಲ್ಲಿ ಕಣ್ಣಿಟ್ಟು ನೋಡುವವರ ಸಹಕಾರ ಬೇಕು.

ಅತಿರಂಜಿತ ಸುದ್ದಿಗಳ ಬಗ್ಗೆ ಎಚ್ಚರ

ಹೊಸ ಪ್ರಭೇದದ ಸುದ್ದಿ ಕೈಯಿಂದ ಕೈಗೆ ದಾಟುವಾಗ ಬದಲಾಗುತ್ತದೆ. ಕೀಟಗಳನ್ನು ಕೊಲ್ಲುವ ಕಾಡು ತಂಬಾಕಿನ ಸುದ್ದಿ, ಹೊಲದ ಸುತ್ತ ಬೆಳೆದರೆ ಕೀಟನಾಶಕವೇ ಬೇಡ ಎಂಬ ರೂಪ ಪಡೆಯಬಹುದು. ಅಂಟು ಕೂದಲಿಗೆ ಸಿಕ್ಕುವುದು ಸಣ್ಣ ಕೀಟಗಳು ಮಾತ್ರ. ಕಾಯಿಕೊರಕ ಹುಳುವಿಗೆ ಅದರಿಂದ ತಡೆಯಿಲ್ಲ. ಅದರ ಅಂಟಿಗೆ ಉಪಕಾರಿ ಕೀಟಗಳೂ ಸಿಕ್ಕಬಹುದು.

ಅಂತರಜಾಲದಲ್ಲಿ ಅಪರೂಪದ ಕಾಡು ಟೊಮೆಟೊ, ಕಾಡು ಮೆಣಸಿನ ಬೀಜಗಳ ಜಾಹೀರಾತುಗಳು ಕಾಣಿಸುತ್ತವೆ. ವಿದೇಶದಿಂದ ಬೀಜ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಪರವಾನಗಿ ಮತ್ತು ತಪಾಸಣೆ ಅಗತ್ಯ. ಸಂಶೋಧನೆಗಾಗಿ ಬರುವ ಬೀಜಗಳು ನವದೆಹಲಿಯ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೋದ ಮೂಲಕವೇ ಬರುತ್ತವೆ. ಈ ಕಟ್ಟುಪಾಡು ಸುಮ್ಮನೆ ಹಾಕಿದ್ದಲ್ಲ. ಬದನೆ ಕುಟುಂಬದ ಗಿಡಗಳು ಹೊಸ ನೆಲದಲ್ಲಿ ಹಾವಳಿ ಕಳೆಗಳಾಗಬಲ್ಲವು. ದಕ್ಷಿಣ ಅಮೆರಿಕದ ಸೊಲನಂ ವಯಾರಂ ಎಂಬ ಮುಳ್ಳುಗಿಡ ಅಮೆರಿಕದ ಹುಲ್ಲುಗಾವಲುಗಳಲ್ಲಿ ಹರಡಿ ದೊಡ್ಡ ಸಮಸ್ಯೆಯಾಗಿದೆ. ಅದೇ ಗಿಡವನ್ನು ನಮ್ಮ ದೇಶದಲ್ಲಿ ಔಷಧೀಯ ಸೊಲಸೋಡಿನ್‌ಗಾಗಿ ಬೆಳೆದದ್ದೂ ಉಂಟು.

ನೀವು ಮಾಡಬಹುದಾದ ಕಾರ್ಯಗಳು

1. ಗಿಡದ ಕುಟುಂಬವನ್ನು ಗುರುತಿಸಿ. ಸೊಲನಂ ಕುಲದ ಹೂವಿನಲ್ಲಿ ಸಾಮಾನ್ಯವಾಗಿ ಐದು ಮೂಲೆಗಳ ನಕ್ಷತ್ರಾಕಾರದ ದಳಗಳಿರುತ್ತವೆ. ನಡುವೆ ಹಳದಿ ಪರಾಗಕೋಶಗಳು ಗುಂಪಾಗಿ ನಿಂತಿರುತ್ತವೆ. ಬದನೆ, ಗಣಿಕೆ, ಸುಂಡೆಗಳ ಪರಾಗಕೋಶಗಳ ತುದಿಯಲ್ಲಿ ಸಣ್ಣ ರಂಧ್ರಗಳಿದ್ದು, ಜೇನ್ನೊಣ ಜಾತಿಯ ಕೆಲವು ಕಾಡು ನೊಣಗಳು ಝೇಂಕರಿಸಿ ಅಲುಗಾಡಿಸಿದಾಗ ಪರಾಗ ಉದುರುತ್ತದೆ.

2. ನಿಮಗೆ ಪರಿಚಯವಿಲ್ಲದ ಗಿಡ ಕಂಡರೆ ಅದರ ಕಾಯಿ, ಹಣ್ಣು, ಸೊಪ್ಪಿನ ರುಚಿ ನೋಡಬೇಡಿ. ಈ ಕುಟುಂಬದಲ್ಲಿ ಉಮ್ಮತ್ತಿಯಂತಹ ಪ್ರಾಣಾಂತಿಕ ವಿಷದ ಗಿಡಗಳಿವೆ. ಬಳಕೆಯ ಗಣಿಕೆಯಲ್ಲಿಯೂ ಹಸಿರು ಕಾಯಿಗಳಲ್ಲಿ ವಿಷಾಂಶವಿರುತ್ತದೆ. ಮಕ್ಕಳಿಗೆ ಇದನ್ನು ತಿಳಿಸಿ.

3. ಇಡೀ ಗಿಡ, ಎಲೆಯ ಎರಡೂ ಬದಿ, ಹೂವಿನ ಮುಂಭಾಗ ಮತ್ತು ಪಕ್ಕದ ನೋಟ, ತೊಟ್ಟಿನೊಡನೆ ಕಾಯಿ, ಕಾಂಡದ ಮುಳ್ಳು ಮತ್ತು ಕೂದಲು ಇವುಗಳ ಛಾಯಾಚಿತ್ರ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ನಾಣ್ಯವನ್ನಾದರೂ ಇಡಿ.

4. ಗಿಡಗಳು ಹಲವಿದ್ದಲ್ಲಿ ಮಾತ್ರ ಹೂ ಮತ್ತು ಕಾಯಿ ಇರುವ ಒಂದು ಕೊಂಬೆಯನ್ನು ದಿನಪತ್ರಿಕೆಯ ನಡುವೆ ಒತ್ತಿ ಒಣಗಿಸಿ. ಮೊದಲ ಕೆಲವು ದಿನ ಕಾಗದ ಬದಲಾಯಿಸುತ್ತಿರಿ. ಸ್ಥಳ, ದಿನಾಂಕ, ಮಣ್ಣಿನ ಬಗೆ, ಹೂವಿನ ಬಣ್ಣ ಮತ್ತು ಊರಿನಲ್ಲಿ ಬಳಕೆಯಲ್ಲಿರುವ ಹೆಸರನ್ನು ಬರೆದಿಡಿ. ಒಣಗಿದ ಮೇಲೆ ಬಣ್ಣ ಮಾಸುವುದರಿಂದ ಅದನ್ನು ಅಂದೇ ಬರೆಯಬೇಕು. ಉಳಿದ ಗಿಡಗಳನ್ನು ಇದ್ದಲ್ಲಿಯೇ ಬಿಡಿ.

5. ಈ ಮಾಹಿತಿಯನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ವಿಶ್ವವಿದ್ಯಾಲಯಕ್ಕೆ ತಲುಪಿಸಿ. ಜೀವವೈವಿಧ್ಯ ಅಧಿನಿಯಮ 2002ರ 39ನೇ ಪ್ರಕರಣದಂತೆ, ಹೊಸ ಪ್ರಭೇದವನ್ನು ಪತ್ತೆ ಮಾಡಿದ ಯಾರೇ ಆಗಲಿ ಅದನ್ನು ನಿಗದಿತ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು. ಅಪರಿಚಿತರು ಬೀಜ ಕೇಳಿ ಬಂದರೆ ಕೊಡುವ ಮೊದಲು ವಿಚಾರಿಸಿ.

6. ನಿಮ್ಮ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ಬದನೆ ತಳಿಗಳು, ಮೆಣಸಿನ ತಳಿಗಳು, ಗಣಿಕೆಯ ಬಗೆಗಳು ಸೇರಿವೆಯೇ ನೋಡಿ. ಸೇರಿರದಿದ್ದಲ್ಲಿ ಸೇರಿಸಲು ಕೇಳಿ. ಹಿರಿಯ ಮಹಿಳೆಯರು ಸೊಪ್ಪುಗಳ ನಡುವೆ ಮಾಡುವ ಸೂಕ್ಷ್ಮ ವ್ಯತ್ಯಾಸಗಳನ್ನು ಅವರ ಮಾತಿನಲ್ಲಿಯೇ ದಾಖಲಿಸಿ.

7. ವಿಸ್ತರಣಾ ಕಾರ್ಯಕರ್ತರು ಶಿಫಾರಸು ಬರೆಯುವಾಗ ಕಾಡುಬದನೆ ಎಂಬಂತಹ ಸಾಮಾನ್ಯ ಹೆಸರಿನ ಜೊತೆಗೆ ವೈಜ್ಞಾನಿಕ ಹೆಸರನ್ನೂ ನಮೂದಿಸಬೇಕು. ಹಳೆಯ ಪುಸ್ತಕ ಮತ್ತು ಕೆಲವು ಬೀಜದ ಪೊಟ್ಟಣಗಳಲ್ಲಿ ಕಾಣುವ ಲೈಕೊಪರ್ಸಿಕಾನ್ ಎಸ್ಕುಲೆಂಟಂ ಮತ್ತು ಇಂದಿನ ಸೊಲನಂ ಲೈಕೊಪರ್ಸಿಕಂ ಎರಡೂ ಒಂದೇ ಟೊಮೆಟೊ. ಹೆಸರು ಬದಲಾದುದರಿಂದ ತಳಿ ಬದಲಾಯಿತೆಂದು ರೈತರು ಭಾವಿಸದಂತೆ ವಿವರಿಸಿ.

ಬದನೆ ಕುಟುಂಬದ ಮುಂದಿನ ಹೊಸ ಪ್ರಭೇದ ಆಂಡೀಸ್ ಪರ್ವತದಲ್ಲಿ ದೊರೆಯಬಹುದು, ಆಸ್ಟ್ರೇಲಿಯಾದ ಹೆದ್ದಾರಿ ಬದಿಯಲ್ಲಿ ದೊರೆಯಬಹುದು. ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಅಥವಾ ಯಾವುದೋ ಸಂಗ್ರಹಾಲಯದ ಹಳೆಯ ಕಟ್ಟಿನಲ್ಲಿಯೂ ಇರಬಹುದು. ಈ ಮುಂಗಾರಿನಲ್ಲಿ ಬದು ಸವರುವ ಮೊದಲು ಒಮ್ಮೆ ನಿಂತು, ಅಲ್ಲಿರುವ ಗಣಿಕೆ ಗಿಡಗಳ ಹಣ್ಣು ಯಾವ ಬಣ್ಣದ್ದು ಎಂಬುದನ್ನು ನೋಡಿ ಬರೆದಿಡಿ. ನಿಮ್ಮ ಊರಿನಲ್ಲಿ ಎಷ್ಟು ಬಗೆಯ ಗಣಿಕೆಯಿದೆ ಎಂಬುದನ್ನು ನಮ್ಮ ಸಸ್ಯ ತಳಿ ಸಂಪನ್ಮೂಲ ವಿಭಾಗಕ್ಕೆ ತಿಳಿಸಿದರೆ, ಸಂಗ್ರಹಕ್ಕೆ ಅದು ಅಮೂಲ್ಯ ಕೊಡುಗೆಯಾಗುತ್ತದೆ.